ಸ್ಪ್ಯಾನಿಷ್ ಓದಲು ಶುರು ಮಾಡುವವರಿಗೆ ಕತ್ತೆಯೋ, ಕಿಹೋತೆಯೋ, ಲಸಾರಿಯೊನೋ?

ಬಿ1 ಮಟ್ಟಕ್ಕೆ, ಅಂದರೆ ಭಾಷಾ ಕಲಿಕೆಯ ಮಧ್ಯಮ ಹಂತಕ್ಕೆ, ಬಂದ ಮೇಲೆ ಪಠ್ಯಪುಸ್ತಕ ಸಾಕು ಅನ್ನಿಸುತ್ತದೆ. ಆಗ ಕಲಿಯುವವರ ಕೈಗೆ ಏನು ಕೊಡಬೇಕು? ನನ್ನ ಹತ್ತಿರ ಸ್ಪ್ಯಾನಿಷ್ ಕಲಿಯುವವರ ಜೊತೆ ಕೂತು ಹಳೆಯ ಪುಸ್ತಕಗಳನ್ನೇ ಓದಿ ನೋಡಿದೆ. ನನ್ನ ಓಟು ‘ಲಸಾರಿಯೊ ದೆ ತೋರ್ಮೆಸ್’ಗೆ.

ಜಾಸ್ತಿ ಜನ ಮೊದಲು ಹೇಳುವುದು ಹುವಾನ್ ರಮೋನ್ ಹಿಮೇನೆಸ್ ಬರೆದ ‘ಪ್ಲಾತೆರೊ ಇ ಯೊ’. ಮೊಗೇರ್ ಊರಿನ ಒಂದು ಪುಟ್ಟ ಕತ್ತೆಯ ಪುಸ್ತಕ, ಅಧ್ಯಾಯಗಳು ಒಂದೆರಡು ಪುಟ ಅಷ್ಟೆ. ಸುಲಭ ಅನ್ನಿಸುತ್ತದೆ ಅಲ್ವಾ? ಆದರೆ ಇದು ಗದ್ಯದಲ್ಲಿರುವ ಕವಿತೆ. ಹೂವು, ಹಕ್ಕಿ, ಸಂಜೆಯ ಬಣ್ಣ ಅಂತ ಸಾಲಿಗೆ ನಾಲ್ಕು ಸಲ ನಿಘಂಟು ತೆಗೆಯಬೇಕು, ಇಷ್ಟಾದರೂ ಮುಂದೇನಾಯಿತು ಅನ್ನುವ ಕುತೂಹಲ ಹುಟ್ಟುವುದಿಲ್ಲ. ಮೊದಲ ಅಧ್ಯಾಯ ಮಾತ್ರ ಬಹಳ ಚೆಂದ, ಗಟ್ಟಿಯಾಗಿ ಓದಿಸಿ.

ಸೆರ್ವಾಂತೆಸ್ ಬರೆದ ಕಾದಂಬರಿ ‘ದೋನ್ ಕಿಹೋತೆ’ 1605ರದ್ದು, ಎರಡನೇ ಭಾಗ 1615ರದ್ದು. ನಾಯಕ ಗಾಳಿಯಂತ್ರಗಳನ್ನು ರಾಕ್ಷಸರೆಂದು ತಿಳಿದು ಮೇಲೆ ಬೀಳುವ ಹೆಸರಾಂತ ಪ್ರಸಂಗ ಬರುವುದು ಎಂಟನೇ ಅಧ್ಯಾಯದಲ್ಲಿ. ಮೊದಲ ಪುಟದಿಂದ ಹೊರಟವರು ಅಷ್ಟರೊಳಗೆ ಸೋತು ಕೈಬಿಡುತ್ತಾರೆ. ನೇರ ಎಂಟಕ್ಕೇ ಹೋಗಿ. ಆಂದ್ರೆಸ್ ತ್ರಪಿಯೆಯೊ 2015ರಲ್ಲಿ ಇಡೀ ಪುಸ್ತಕವನ್ನು ಇಂದಿನ ಸ್ಪ್ಯಾನಿಷ್‌ಗೆ ತಂದಿದ್ದಾರೆ, ಅದು ಎಷ್ಟೋ ವಾಸಿ.

ಲಸಾರಿಯೊ ಇವೆರಡಕ್ಕಿಂತ ಹಳೆಯದು, 1554ರದ್ದು. ಬರೆದವರು ಯಾರೆಂದು ಇವತ್ತಿಗೂ ಖಚಿತವಿಲ್ಲ. ಹಸಿದ ಹುಡುಗನೊಬ್ಬ ಒಬ್ಬೊಬ್ಬ ಯಜಮಾನನ ಹತ್ತಿರ ಕೆಲಸಕ್ಕಿದ್ದು ಹೊಟ್ಟೆ ಹೊರೆಯುವ ಕಥೆ. ಮೊದಲ ಯಜಮಾನ ಕುರುಡ, ಭಿಕ್ಷೆ ಬೇಡುವವನು. ದ್ರಾಕ್ಷಿ ಗೊಂಚಲು ಸಿಕ್ಕಾಗ ಸರದಿಯಂತೆ ಒಂದೊಂದೇ ತಿನ್ನೋಣ ಅಂತ ಮಾತಾಗುತ್ತದೆ. ಎರಡನೇ ಸರದಿಗೇ ಕುರುಡ ಎರಡೆರಡು ಕೀಳುತ್ತಾನೆ, ಹುಡುಗ ಸುಮ್ನೆ ಮೂರು ಮೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ಗೊಂಚಲು ಖಾಲಿಯಾದ ಮೇಲೆ ಕುರುಡ, ನೀನು ಮೂರು ಮೂರು ತಿಂದೆ ಅನ್ನುತ್ತಾನೆ. ಕಣ್ಣಿಲ್ಲದವನಿಗೆ ಗೊತ್ತಾಗಿದ್ದು ಹೇಗೆ? ನಾನು ಅಲ್ಲಿಗೇ ನಿಲ್ಲಿಸಿ ಕೇಳಿದೆ. ಯಾರೂ ನಿಘಂಟು ಮುಟ್ಟಲಿಲ್ಲ, ಎಲ್ಲರೂ ಮುಂದಿನ ಸಾಲಿಗೆ ಓಡಿದರು. ತಾನು ಎರಡೆರಡು ತಿಂದರೂ ಹುಡುಗ ತಕರಾರು ಮಾಡಲಿಲ್ಲವಲ್ಲ, ಅದರಿಂದಲೇ ಗೊತ್ತಾಯಿತಂತೆ! ಓದಿನ ರುಚಿ ಹತ್ತುವುದು ಇಂಥ ಕಡೆ. ಎರಡನೇ ಭಾಗದಲ್ಲಿ ಪಾದ್ರಿಯೊಬ್ಬ ಬ್ರೆಡ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾನೆ. ಅದನ್ನು ನಾನು ಓದಿಸಲೇ ಇಲ್ಲ, ಕೆಲವರು ತಾವೇ ಮನೆಯಲ್ಲಿ ಓದಿಕೊಂಡು ಬಂದಿದ್ದರು.

ಭಾಷೆ ಹಳೆಯದು, ನಿಜ. ಕಾಗುಣಿತ ತಿದ್ದಿದ, ಪುಟದ ಕೆಳಗೆ ಟಿಪ್ಪಣಿ ಇರುವ ಶಾಲಾ ಆವೃತ್ತಿಯನ್ನೇ ಹುಡುಕಿ. ಒಟ್ಟು ಏಳು ಭಾಗ, ಮೊದಲ ಮೂರು ಓದಿದರೂ ಸಾಕು.

ಗುಂಪಾಗಿ ಓದುವುದಾದರೆ ಸ್ಪೇನ್‌ನ ಕವಿ, ನಾಟಕಕಾರ ಲೋರ್ಕಾ 1936ರಲ್ಲಿ ಬರೆದ ನಾಟಕ ‘ಲಾ ಕಾಸಾ ದೆ ಬೆರ್ನಾರ್ದಾ ಆಲ್ಬಾ’ ತೆಗೆದುಕೊಳ್ಳಿ. ಮಾತುಗಳು ಚಿಕ್ಕವು, ಭಾಷೆಯೂ ಇಂದಿನದಕ್ಕೆ ಹತ್ತಿರದ್ದು. ಪಾತ್ರ ಹಂಚಿಕೊಂಡು ಓದುವಾಗ ಬಾಯಿ ಬಿಡಲು ನಾಚುವವರಿಗೂ ಸರದಿ ಬರುತ್ತದೆ.