ಒಂದೇ ಬಾಕ್ಸ್‌ಕಾರ್, ಮೂರು ದಾರಿ: ಕತ್ತರಿಸುವುದು, ತಿದ್ದುವುದು, ರೆಸಿನ್ ಕಿಟ್ ಜೋಡಿಸುವುದು

ಅಮೆರಿಕದ ಹಲವು ರೈಲ್ವೆ ಕಂಪನಿಗಳು ಬಳಸಿದ, 1937ರ ಎಎಆರ್ (ಅಮೆರಿಕದ ರೈಲ್ವೆ ಕಂಪನಿಗಳ ಸಂಘ) ವಿನ್ಯಾಸದ ನಲವತ್ತು ಅಡಿಯ ಉಕ್ಕಿನ ಬಾಕ್ಸ್‌ಕಾರ್ ಅನ್ನು, ಅಂದರೆ ಮುಚ್ಚಿದ ಸರಕು ಬೋಗಿಯನ್ನು, ಮಾದರಿ ರೈಲಿನ ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ನಿಜ ಬೋಗಿಯ ಛಾಯಾಚಿತ್ರಕ್ಕೆ ಹೊಂದುವಂತೆ ಮಾಡಿಕೊಳ್ಳಲು ಮೂರು ದಾರಿಗಳಿವೆ. ಹಳೆಯ ಅಚ್ಚಿನ ಅಗ್ಗದ ಪ್ಲಾಸ್ಟಿಕ್ ಬೋಗಿಯನ್ನು ಕತ್ತರಿಸಿ ಎತ್ತರ ಇಳಿಸಬಹುದು. ಎತ್ತರ ಸರಿಯಿರುವ ಒಳ್ಳೆಯ ಪ್ಲಾಸ್ಟಿಕ್ ಕಿಟ್ ತಂದು ಬಿಡಿಭಾಗಗಳನ್ನು ಮಾತ್ರ ಬದಲಿಸಬಹುದು. ಇಲ್ಲವೇ ರೆಸಿನ್ ಕಿಟ್, ಅಂದರೆ ರೆಸಿನ್‌ನಲ್ಲಿ ಎರಕ ಹೊಯ್ದ ಭಾಗಗಳ ಕಿಟ್, ಜೋಡಿಸಬಹುದು. ಮೂರನ್ನೂ ಮಾಡಿ, ಬೋಗಿಗಳನ್ನು ಒಂದರ ಪಕ್ಕದಲ್ಲೊಂದು ಹಳಿಯ ಮೇಲೆ ನಿಲ್ಲಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕತ್ತರಿಸುವ ದಾರಿಯ ಆಕರ್ಷಣೆ ಅದರ ಲೆಕ್ಕದಲ್ಲಿದೆ. 1937ರ ವಿನ್ಯಾಸದ ಒಳಎತ್ತರ 10 ಅಡಿ; ಹಳೆಯ ಅಚ್ಚಿನ ಹಲವು ಮಾದರಿಗಳು ಹೋಲುವುದು ಅದರ ನಂತರ ಬಂದ 10 ಅಡಿ 6 ಅಂಗುಲದ ಬೋಗಿಗಳನ್ನು. ವ್ಯತ್ಯಾಸದ ಆರು ಅಂಗುಲ ಎಚ್‌ಒ ಅಳತೆಯಲ್ಲಿ 1.75 ಮಿಲಿಮೀಟರ್ ಮಾತ್ರ. ಪಕ್ಕಗೋಡೆಯ ಕೆಳ ಅಂಚಿನ ಹತ್ತಿರ ಅಷ್ಟಗಲದ ಪಟ್ಟಿಯೊಂದನ್ನು ತೆಗೆದು, ಗಾಜಿನ ಮೇಲೆ ಅಂಟಿಸಿದ ಮರಳುಕಾಗದದಲ್ಲಿ ಎರಡೂ ಅಂಚುಗಳನ್ನು ಸಮ ಮಾಡಿ ಮತ್ತೆ ಕೂಡಿಸಿದರೆ ನಿಲುವು ತಕ್ಷಣ ಬದಲಾಗುತ್ತದೆ. ಕೊಯ್ತ ಅಡ್ಡಕ್ಕೆ ಇರುವುದರಿಂದ ನಿಲುವಿನ ರಿವೆಟ್ ಸಾಲುಗಳು ಹಾಗೆಯೇ ಉಳಿಯುತ್ತವೆ. ಬೆಸುಗೆಯ ಬಳಿ ಅಳಿಸಿಹೋದ ರಿವೆಟ್‌ಗಳ ಜಾಗಕ್ಕೆ ಆರ್ಚರ್ ಕಂಪನಿಯ ಉಬ್ಬು ರಿವೆಟ್ ಡೆಕಾಲ್‌ಗಳು, ಅಂದರೆ ತೆಳು ಪದರದ ಮೇಲೆ ಬರುವ ಅಂಟಿಸುವ ರಿವೆಟ್‌ಗಳು, ಸಾಕು.

ತೊಡಕು ಎದುರಾಗುವುದು ತುದಿಗೋಡೆಯಲ್ಲಿ. ಹತ್ತು ಅಡಿ ಎತ್ತರದ ಬೋಗಿಗಳ ಡ್ರೆಡ್‌ನಾಟ್ ಎಂಬ ಬಗೆಯ ಉಕ್ಕಿನ ತುದಿಗೋಡೆಯಲ್ಲಿ ಸಾಮಾನ್ಯವಾಗಿ ಒಂದು ಫಲಕಕ್ಕೆ ನಾಲ್ಕು, ಇನ್ನೊಂದಕ್ಕೆ ಐದು ಉಬ್ಬುಪಟ್ಟಿಗಳಿದ್ದರೆ, ಆರು ಅಂಗುಲ ಹೆಚ್ಚು ಎತ್ತರದ ಬೋಗಿಯಲ್ಲಿ ಎರಡೂ ಫಲಕಗಳಿಗೆ ಐದೈದು ಇರುತ್ತವೆ. ಆದ್ದರಿಂದ ಎತ್ತರ ತಗ್ಗಿಸಿದ ಮಾತ್ರಕ್ಕೆ ತುದಿಗೋಡೆ ಸರಿಹೋಗುವುದಿಲ್ಲ, ಅದನ್ನೇ ಬದಲಿಸಬೇಕು, ಬಾಗಿಲು ಗಿಡ್ಡವಾಗಬೇಕು, ಚಾವಣಿ ಓರೆಪಟ್ಟಿಯದಾಗಿದ್ದರೆ ಅದನ್ನೂ ತೆಗೆದು, ಮರ್ಫಿ ವಿನ್ಯಾಸದ ಆಯತಾಕಾರದ ಫಲಕಗಳ ಚಾವಣಿ ಕೂರಿಸಬೇಕು. ಅಷ್ಟೆಲ್ಲ ಆದ ಮೇಲೆ ಮೂಲ ಮಾದರಿಯದೆಂದು ಉಳಿಯುವುದು ಎರಡು ಪಕ್ಕಗೋಡೆಗಳು ಮಾತ್ರ. ಉಳಿತಾಯದ ದೃಷ್ಟಿಯಿಂದ ಈ ದಾರಿ ಹಿಡಿಯುವವರು ಬಿಡಿಭಾಗಗಳ ಖರ್ಚನ್ನು ಮೊದಲೇ ಕೂಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಹೆಚ್ಚಿನ ಸಲ ಅದು ಒಳ್ಳೆಯ ಕಿಟ್‌ನ ಬೆಲೆಯನ್ನು ದಾಟುತ್ತದೆ.

ಎರಡನೆಯ ದಾರಿಯಲ್ಲಿ, ಉದಾಹರಣೆಗೆ ಇಂಟರ್‌ಮೌಂಟನ್ ಕಂಪನಿಯ 1937ರ ಬಾಕ್ಸ್‌ಕಾರ್ ಮಾದರಿಯಲ್ಲಿ, ಎತ್ತರದ ಚಿಂತೆಯೇ ಇರುವುದಿಲ್ಲವಾದ್ದರಿಂದ ಸಮಯವೆಲ್ಲ ಆಯಾ ರೈಲ್ವೆಯ ವಿಶೇಷಗಳಿಗೆ ಸಿಗುತ್ತದೆ: ಬಾಗಿಲು ಯಂಗ್ಸ್‌ಟೌನ್ ಕಂಪನಿಯದೋ ಸುಪೀರಿಯರ್‌ದೋ, ಚಾವಣಿಯ ನಡೆಹಲಗೆ ಮರದ್ದೋ ಉಕ್ಕಿನ ಜಾಲರಿಯದೋ, ಕೈಬ್ರೇಕ್ ಯಾವ ತಯಾರಿಕೆಯದು ಎಂಬಂಥವು. ಇಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಕೆಲಸ, ಸಿಬ್ಬಂದಿ ಬೋಗಿ ಹತ್ತುವಾಗ ಹಿಡಿಯುವ ಹಿಡಿಕೆಗಳದು. ಅಮೆರಿಕದ 1911ರ ಸುರಕ್ಷತಾ ನಿಯಮದಂತೆ ಹಿಡಿಕೆಯ ಸರಳು ಕನಿಷ್ಠ 5/8 ಅಂಗುಲ ದಪ್ಪವಿರಬೇಕು, ಗೋಡೆಯಿಂದ ಕನಿಷ್ಠ ಎರಡು ಅಂಗುಲ, ಸಾಧ್ಯವಾದರೆ ಎರಡೂವರೆ ಅಂಗುಲ ದೂರ ನಿಲ್ಲಬೇಕು. ನಮ್ಮ ಅಳತೆಗೆ ಇಳಿಸಿದರೆ ದಪ್ಪ 0.18 ಮಿಲಿಮೀಟರ್, ಅಂತರ ಸುಮಾರು 0.73 ಮಿಲಿಮೀಟರ್. ಪ್ಲಾಸ್ಟಿಕ್ ಹಿಡಿಕೆಗಳು ಅಷ್ಟು ತೆಳುವಾಗಿ ಬರುವುದಿಲ್ಲ, ಆದರೆ ಅವುಗಳ ತುದಿಯಲ್ಲಿ ಬೋಲ್ಟ್‌ನ ತಲೆ ಅಚ್ಚಾಗಿರುವುದರಿಂದ ಹತ್ತಿರದಿಂದ ಚೆನ್ನಾಗಿ ಕಾಣುತ್ತವೆ. ತಂತಿಯಲ್ಲಿ ದಪ್ಪ ಸರಿಹೋಗುತ್ತದೆ, ಬೋಲ್ಟ್ ಕಳೆದುಹೋಗುತ್ತದೆ. ಎರಡು ಅಡಿ ದೂರದಿಂದ ನೋಡುವ ಕಣ್ಣಿಗೆ ಬೋಲ್ಟ್‌ಗಿಂತ ಸರಳಿನ ತೆಳುವೇ ಮುಖ್ಯ ಎಂಬುದು ನನ್ನ ನಿರ್ಣಯ. 0.25 ಮಿಲಿಮೀಟರಿನ ಫಾಸ್ಫರ್ ಬ್ರಾಂಜ್ ತಂತಿ ನಿಜದ ಕನಿಷ್ಠಕ್ಕಿಂತ ತುಸು ದಪ್ಪವೇ ಆದರೂ ಕೈತಾಗಿದರೆ ಪುಟಿದು ಮೊದಲಿನ ಆಕಾರಕ್ಕೆ ಬರುತ್ತದೆ, ಹಿತ್ತಾಳೆಯ ತಂತಿ ಬಾಗಿದ್ದು ಬಾಗಿದಂತೆಯೇ ಉಳಿಯುತ್ತದೆ. ಹಿಡಿಕೆಯನ್ನು ತೂತಿಗೆ ತೂರಿಸಿ, ಗೋಡೆಗೂ ಸರಳಿಗೂ ನಡುವೆ 0.75 ಮಿಲಿಮೀಟರ್ ದಪ್ಪದ ಸ್ಟೈರೀನ್ (ಮಾದರಿಗಳ ಪ್ಲಾಸ್ಟಿಕ್) ಪಟ್ಟಿ ಇಟ್ಟು, ಬೋಗಿಯ ಒಳಗಿನಿಂದ ಅಂಟು ಮುಟ್ಟಿಸಿ ಪಟ್ಟಿಯನ್ನು ಎಳೆದುಕೊಂಡರೆ, ಸಾಲಿನ ಎಲ್ಲ ಹಿಡಿಕೆಗಳೂ ಒಂದೇ ದೂರದಲ್ಲಿ ನಿಲ್ಲುತ್ತವೆ. ಆ ಅಂತರದಲ್ಲಿ ಬೀಳುವ ನೆರಳು ಅಚ್ಚಿನ ಹಿಡಿಕೆಗೆ ಎಷ್ಟು ಬಣ್ಣ ಬಳಿದರೂ ಬರುವುದಿಲ್ಲ.

ರೆಸಿನ್ ಕಿಟ್ ಬೇರೆಯೇ ಬಗೆಯ ತಾಳ್ಮೆ ಕೇಳುತ್ತದೆ. ಅಚ್ಚಿನ ಎಣ್ಣೆಯಂಶ ಹೋಗುವಂತೆ ಭಾಗಗಳನ್ನು ಸೋಪಿನಲ್ಲಿ ತೊಳೆಯಬೇಕು; ಬಾಗಿದ ಗೋಡೆಯನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ ಗಾಜಿನ ಮೇಲೆ ನೇರ ಮಾಡಬೇಕು; ಸ್ಟೈರೀನ್ ಅನ್ನು ಕರಗಿಸಿ ಬೆಸೆಯುವ ದ್ರಾವಣ ಇಲ್ಲಿ ಕೆಲಸ ಮಾಡದ ಕಾರಣ ಸಯನೋಅಕ್ರಿಲೇಟ್ ಅಥವಾ ಎಪಾಕ್ಸಿ ಬೇಕು; ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಉಜ್ಜುವಾಗ ನೀರು ಬಳಸಬೇಕು. ಬೋಗಿ ಹಗುರ ಬಂದರೆ ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘವಾದ ಎನ್‌ಎಂಆರ್‌ಎ ಶಿಫಾರಸಿನಂತೆ, ಒಂದು ಔನ್ಸ್ ಜೊತೆಗೆ ಪ್ರತಿ ಅಂಗುಲ ಉದ್ದಕ್ಕೆ ಅರ್ಧ ಔನ್ಸ್, ಅಂದರೆ ಆರು ಅಂಗುಲದ ಬೋಗಿಗೆ ಸುಮಾರು 113 ಗ್ರಾಂ ಆಗುವಷ್ಟು ತೂಕ ಸೇರಿಸಬೇಕು. ಇಷ್ಟು ಶ್ರಮಪಟ್ಟು 1937ರ ಸಾಮಾನ್ಯ ಬಾಕ್ಸ್‌ಕಾರ್ ಮಾಡಿದರೆ, ಪ್ಲಾಸ್ಟಿಕ್ ಕಿಟ್‌ನಿಂದ ಮಾಡಿದ್ದಕ್ಕಿಂತ ಅದು ಯಾವ ವಿಧದಲ್ಲೂ ಹೆಚ್ಚು ನಿಜವಾಗಿ ಕಾಣಲಿಲ್ಲ. ರಿವೆಟ್‌ಗಳು ಸ್ವಲ್ಪ ಮೊಂಡಾಗಿಯೇ ಇದ್ದವು.

ಹೀಗಾಗಿ ನಾನು ಎರಡನೆಯ ದಾರಿಯನ್ನೇ ಆರಿಸುತ್ತೇನೆ, ಅದೂ ತಂತಿಯ ಹಿಡಿಕೆಗಳೊಂದಿಗೆ. ಆದರೆ ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆಯ ವ್ಯಾಗನ್‌ಟಾಪ್ ಬೋಗಿಯಂಥದು ಬೇಕಾದಾಗ ಮಾತು ಬೇರೆ. ಅದರ ಗೋಡೆಯ ಹಾಳೆಯೇ ಬಾಗಿ ಚಾವಣಿಯಾಗುತ್ತದೆ, ಹೊರಗಿನ ಪಟ್ಟಿಗಳು ನೆತ್ತಿಯ ಮೇಲೂ ಹಾಯುತ್ತವೆ. ಎಎಆರ್ ಬೋಗಿಯನ್ನು ಎಷ್ಟು ಕೊಯ್ದರೂ ಆ ಆಕಾರ ಬರುವುದಿಲ್ಲ. ಅಂಥ ಬೋಗಿಗೆ ಪ್ಲಾಸ್ಟಿಕ್ ಮಾದರಿ ಕೈಗೆ ಸಿಗದಿದ್ದರೆ ರೆಸಿನ್ ಕಿಟ್‌ಗೆ ಹಾಕುವ ಶ್ರಮಕ್ಕೆ ಪೂರ್ಣ ಪ್ರತಿಫಲವಿದೆ. ಕತ್ತರಿಸುವ ದಾರಿಯನ್ನು ನಾನು ಈಗ, ಬದಲಿ ತುದಿಗೋಡೆ ಮತ್ತು ಚಾವಣಿ ಮೊದಲೇ ಪೆಟ್ಟಿಗೆಯಲ್ಲಿದ್ದಾಗ ಮಾತ್ರ ಹಿಡಿಯುತ್ತೇನೆ.