ಇಟಲಿ ಸೀಸನಲ್ ವೀಸಾ: ಪೇಪರ್ ಎಲ್ಲ ಅಸಲಿ, ಕೆಲಸ ಮಾತ್ರ ಇರ್ಲಿಲ್ಲ

ಈಗ ಮತ್ತೆ ವಾಟ್ಸಾಪ್‌ನಲ್ಲಿ "ಇಟಲಿ ಕೋಟಾ ಓಪನ್, ತೋಟದ ಕೆಲಸ, ತಿಂಗಳಿಗೆ ಒಂದೂಕಾಲು ಲಕ್ಷ, ಊಟ ವಸತಿ ಫ್ರೀ" ಅಂತ ಪೋಸ್ಟರ್ ಓಡಾಡ್ತಿದೆ. ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಹುಡುಗರು ನಂಗೇ ಫಾರ್ವರ್ಡ್ ಮಾಡಿ "ಅಕ್ಕಾ ಇದು ನಿಜಾನಾ" ಅಂತ ಕೇಳ್ತಿದಾರೆ, ಯಾಕಂದ್ರೆ ನನ್ನ ತಮ್ಮ ಹೋಗಿದ್ದು ಎಲ್ರಿಗೂ ಗೊತ್ತು, ಅಲ್ಲಿ ಏನಾಯ್ತು ಅನ್ನೋದು ಅರ್ಧಂಬರ್ಧ ಗೊತ್ತು. ಅದಕ್ಕೇ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ, ದುಡ್ಡು ಕೊಡೋ ಮುಂಚೆ ಓದಿ. ದೂರು ಕೊಟ್ಟಿರೋದ್ರಿಂದ ಏಜೆಂಟ್ ಹೆಸರು ಇಲ್ಲಿ ಹಾಕಲ್ಲ.

ಎಲೆಚುಕ್ಕಿ ರೋಗ ಬಂದು ನಮ್ಮ ಅಡಿಕೆ ಫಸಲು ಹೋಗಿತ್ತು, ತಮ್ಮ ಐಟಿಐ ಮಾಡಿದೋನು, ಟ್ರ್ಯಾಕ್ಟರ್ ಓಡಿಸ್ತಾನೆ, ಔಷಧಿ ಹೊಡೀತಾನೆ, ಕೊನೆ ತೆಗೀತಾನೆ, ತೋಟದ ಕೆಲಸಕ್ಕೆ ಅವನಿಗಿಂತ ಬೇಕಾ ಅಂತ ಮನೇಲಿ ಎಲ್ರೂ ಒಪ್ಪಿದ್ರು. ಬೆಂಗಳೂರಿನ ಏಜೆಂಟ್ "2024ರ ಕೋಟಾದಲ್ಲಿ ಎರಡೇ ಸೀಟ್ ಉಳಿದಿದೆ ಮೇಡಂ" ಅಂದು ಸೀಟ್ ಬುಕಿಂಗ್‌ಗೆ ಒಂದೂವರೆ ಲಕ್ಷ, ಪೇಪರ್ ಬಂದ್ಮೇಲೆ ಮೂರೂವರೆ, ವೀಸಾ ಸ್ಟ್ಯಾಂಪ್ ಆದ್ಮೇಲೆ ನಾಲ್ಕು, ಒಟ್ಟು ಒಂಬತ್ತು ಲಕ್ಷ ತಗೊಂಡ. ಮೊದಲ್ನೇ ಕಂತಿಗೆ ಮಾತ್ರ ರಸೀದಿ, ಅದ್ರಲ್ಲೂ "ಡಾಕ್ಯುಮೆಂಟೇಶನ್ ಕನ್ಸಲ್ಟೆನ್ಸಿ" ಅಂತ ಬರೆದಿತ್ತೇ ಹೊರತು ಕೆಲಸ ಕೊಡಿಸ್ತೀವಿ ಅಂತ ಒಂದಕ್ಷರ ಇರ್ಲಿಲ್ಲ. ಉಳಿದಿದ್ದೆಲ್ಲ ಕ್ಯಾಶು. ಅಮ್ಮನ ಸರ ಸೊಸೈಟೀಲಿ ಅಡ ಇಟ್ಟಿದ್ದು ಇನ್ನೂ ಬಿಡಿಸಿಲ್ಲ.

ಈ ಸೀಟು ಅನ್ನೋದೇ ಸುಳ್ಳು. ಇಟಲಿ ಸರ್ಕಾರ ಹೊರಗಿನ ದೇಶದ ಕೆಲಸಗಾರರಿಗೆ ವರ್ಷಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಆದೇಶ ಹೊರಡಿಸುತ್ತೆ, ಅದಕ್ಕೆ ದೆಕ್ರೇತೋ ಫ್ಲುಸ್ಸಿ ಅಂತಾರೆ, 2024ಕ್ಕೆ 1,51,000, 2026ಕ್ಕೆ 1,64,850, ಅದ್ರಲ್ಲಿ 88,000 ಸೀಸನಲ್, ಅಂದ್ರೆ ಹೊಲ ತೋಟ ಮತ್ತೆ ಹೋಟೆಲ್ ಕೆಲಸ. ಅರ್ಜಿ ಹಾಕೋದು ಅಲ್ಲಿನ ಮಾಲೀಕ. ನೀವಲ್ಲ, ಇಲ್ಲಿನ ಏಜೆಂಟೂ ಅಲ್ಲ. ಮಾಲೀಕ ತನ್ನ ಡಿಜಿಟಲ್ ಐಡಿಯಿಂದ ಅಲ್ಲಿನ ಗೃಹ ಇಲಾಖೆ ಪೋರ್ಟಲ್‌ನಲ್ಲಿ "ಕ್ಲಿಕ್ ಡೇ" ದಿನ ಅರ್ಜಿ ಕಳಿಸ್ಬೇಕು, ಮೊದಲು ಬಂದೋರಿಗೆ ಮೊದಲು, ನಿಮಿಷಗಳಲ್ಲಿ ಕೋಟಾಗಿಂತ ಜಾಸ್ತಿ ಅರ್ಜಿ ಬಿದ್ದಿರುತ್ತೆ, ಅರ್ಜಿಗೆ ಹಚ್ಚೋ ಸ್ಟ್ಯಾಂಪು 16 ಯೂರೋ ಅಷ್ಟೇ. ಬೆಂಗಳೂರಲ್ಲಿ ಕೂತು ಬುಕ್ ಮಾಡೋ ಸೀಟು ಎಲ್ಲಿಂದ ಬರುತ್ತೆ ಹೇಳಿ.

ಆದ್ರೂ ಪೇಪರ್ ಬಂತು. ನುಲ್ಲಾ ಓಸ್ತಾ ಅಂತಾರಲ್ಲ, ಕೆಲಸದ ಅನುಮತಿ ಪತ್ರ, ಅಸಲಿನೇ. ನಾನೇ ಒಂದೊಂದು ಸಾಲೂ ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ನೋಡಿದೀನಿ, ಕಂಪನಿ ಹೆಸರು, ಊರು, ಫೈಲ್ ನಂಬರ್ ಎಲ್ಲ ಇತ್ತು, ಅದರ ಮೇಲೆ ವೀಸಾನೂ ಸಿಕ್ತು. ನಕಲಿ ವೀಸಾ ಆಗಿದ್ರೆ ಏರ್‌ಪೋರ್ಟಲ್ಲೇ ಸಿಕ್ಕಿಬೀಳ್ತಿತ್ತು, ಇದು ಅದಕ್ಕಿಂತ ಕೆಟ್ಟದ್ದು, ಅಸಲಿ ಪೇಪರನ್ನೇ ಮಾರೋ ದಂಧೆ. ಯಾವುದೋ ಒಂದು ಕಂಪನಿ ಕಾಗದದ ಮೇಲೆ ಕೆಲಸಗಾರರು ಬೇಕು ಅಂತ ಅರ್ಜಿ ಹಾಕುತ್ತೆ, ಆ ಪೇಪರ್ ಮಧ್ಯವರ್ತಿಗಳ ಕೈಗೆ ಹೋಗಿ ಇಲ್ಲಿ ಲಕ್ಷಗಟ್ಟಲೆಗೆ ಮಾರಾಟ ಆಗುತ್ತೆ, ಕಂಪನಿಗೆ ನಿಮ್ಮ ಮುಖ ನೋಡೋ ಉದ್ದೇಶವೇ ಇರಲ್ಲ. 2024ರ ಜೂನ್‌ನಲ್ಲಿ ಅಲ್ಲಿನ ಪ್ರಧಾನಿ ಮೆಲೋನಿಯವರೇ ಈ ವಿಷಯ ಮಾಫಿಯಾ ವಿರೋಧಿ ಪ್ರಾಸಿಕ್ಯೂಟರ್‌ಗೆ ಕೊಟ್ರು, ಕಂಪಾನಿಯಾ ಪ್ರಾಂತ್ಯದಲ್ಲಿ ಅನುಮತಿ ಸಿಕ್ಕವರಲ್ಲಿ ಕೆಲಸದ ಒಪ್ಪಂದಕ್ಕೆ ಸಹಿ ಹಾಕಿದೋರು 3 ಪರ್ಸೆಂಟ್‌ಗಿಂತ ಕಮ್ಮಿ ಅಂತ ಹೇಳಿದ್ರು. ತಮ್ಮನ ಪೇಪರ್ ಕೂಡ ಕಂಪಾನಿಯಾದ್ದೇ, ಸಲೆರ್ನೋ ಹತ್ರದ್ದು.

ಅದೇ ಜೂನ್‌ನಲ್ಲಿ ಸತ್ನಾಮ್ ಸಿಂಗ್ ಸುದ್ದಿ ಬಂದಿತ್ತು. ಇಟಲಿಯ ಲಾತಿನಾದಲ್ಲಿ ಹೊಲದ ಮೆಷಿನ್‌ಗೆ ಸಿಕ್ಕಿ ಕೈ ಕಿತ್ತುಹೋದ ಪಂಜಾಬಿ ಹುಡುಗನ್ನ ಆಸ್ಪತ್ರೆಗೆ ಸೇರಿಸದೆ ಮನೆ ಮುಂದೆ ಬಿಟ್ಟು ಹೋಗಿದ್ರು, ಆಮೇಲೆ ತೀರಿಕೊಂಡ್ರು, ಅವರ ಹತ್ರ ಕಾನೂನುಬದ್ಧ ಪೇಪರ್ ಇರ್ಲಿಲ್ಲ. ನಾನು ಏಜೆಂಟ್‌ಗೆ ಫೋನ್ ಮಾಡಿ ಕೇಳಿದ್ರೆ "ಅದು ಇಲ್ಲೀಗಲ್ ಕೇಸ್ ಮೇಡಂ, ನಿಮ್ಮ ತಮ್ಮಂದು ಪಕ್ಕಾ ಲೀಗಲ್" ಅಂದ. ಲೀಗಲ್ ಆಗಿ ಹೋದೋನು ಹೇಗೆ ಇಲ್ಲೀಗಲ್ ಆಗ್ತಾನೆ ಅನ್ನೋದೇ ಇದರಲ್ಲಿ ತಿಳ್ಕೋಬೇಕಾಗಿರೋದು.

ಇಟಲಿಗೆ ಕಾಲಿಟ್ಟ ಕೆಲವೇ ದಿನದೊಳಗೆ (2024ರ ನಿಯಮದಲ್ಲಿ 8 ದಿನ ಇತ್ತು) ಮಾಲೀಕನ ಜೊತೆ ವಾಸ್ತವ್ಯದ ಒಪ್ಪಂದಕ್ಕೆ ಸಹಿ ಹಾಕೋ ಪ್ರಕ್ರಿಯೆ ಶುರು ಆಗ್ಬೇಕು. ಅದು ಆದ್ಮೇಲೆ ಪೋಸ್ಟ್ ಆಫೀಸ್‌ನಲ್ಲಿ ಕಿಟ್ ತುಂಬಿ ಕಳಿಸೋದು, ಪೊಲೀಸ್ ಕಚೇರಿ ಕ್ವೆಸ್ತೂರಾದಲ್ಲಿ ಬೆರಳಚ್ಚು, ಆಮೇಲೆ ಪೆರ್ಮೆಸ್ಸೋ ದಿ ಸೊಜ್ಜೋರ್ನೋ, ಅಂದ್ರೆ ಅಲ್ಲಿ ಇರೋಕೆ ಪರ್ಮಿಟ್ಟು. ವೀಸಾ ಇರೋದು ಒಳಗೆ ಹೋಗೋಕೆ, ಉಳಿಯೋಕೆ ಈ ಪರ್ಮಿಟ್ಟೇ ಬೇಕು. ಮಾಲೀಕ ಬರ್ಲಿಲ್ಲ ಅಂದ್ರೆ ಮೊದಲ ಮೆಟ್ಟಿಲಲ್ಲೇ ಎಲ್ಲ ನಿಂತುಹೋಗುತ್ತೆ.

ತಮ್ಮಂಗೆ ಆಗಿದ್ದು ಅದೇ. ಪೇಪರ್‌ನಲ್ಲಿದ್ದ ಅಡ್ರೆಸ್‌ಗೆ ಹೋದ್ರೆ ಶಟರ್ ಹಾಕಿತ್ತು, ಫೋನ್ ಸ್ವಿಚ್ ಆಫ್, ಏಜೆಂಟ್ ಕಡೆಯೋನು ಒಬ್ಬ ಬಂದು ಇನ್ನೂ 1,000 ಯೂರೋ ಇಸ್ಕೊಂಡು ಒಂದು ಹಳೇ ಮನೇಲಿ ಪಂಜಾಬ್, ಬಾಂಗ್ಲಾದ ಹುಡುಗರ ಜೊತೆ ಬಿಟ್ಟು ಹೋದ. ಬೆಳಗಿನ ಜಾವ ವ್ಯಾನ್ ಬರೋದು, ಪ್ಲಾಸ್ಟಿಕ್ ಗ್ರೀನ್‌ಹೌಸ್ ಒಳಗೆ ಸೊಪ್ಪು ಕೊಯ್ಯೋ ಕೆಲಸ, ಗಂಟೆಗೆ 5 ಯೂರೋ ಅಂತ ಹೇಳಿ ಅದ್ರಲ್ಲೂ ವ್ಯಾನ್ ಬಾಡಿಗೆ, ಹಾಸಿಗೆ ಬಾಡಿಗೆ ಕಡಿತ. "ಅಕ್ಕಾ, ಸಹಿಗೆ ಯಾರೂ ಕರ್ಕೊಂಡು ಹೋಗ್ತಿಲ್ಲ, ಕೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ" ಅಂತ ಫೋನಲ್ಲಿ ಹೇಳ್ದಾಗ ನಂಗೆ ಕೈಕಾಲು ತಣ್ಣಗಾಯ್ತು. ವೆರೋನಾ ಹತ್ರ 33 ಜನ ಭಾರತೀಯರನ್ನ ಪೊಲೀಸರು ಬಿಡಿಸಿದ್ದೂ 2024ರ ಜುಲೈನಲ್ಲೇ, ಅವರಿಗೆ ಗಂಟೆಗೆ 4 ಯೂರೋ, ತಲೆಗೆ 17,000 ಯೂರೋ ಸಾಲ, ಅವರನ್ನೂ ಸೀಸನಲ್ ಪರ್ಮಿಟ್ ಮೇಲೇ ಕರೆಸಿದ್ದು.

ತಮ್ಮಂಗೆ ವಿಷಯ ಬಿಡಿಸಿ ಹೇಳಿದ್ದು ಅಲ್ಲಿನ ಕಾರ್ಮಿಕ ಸಂಘದ ಆಫೀಸ್‌ನಲ್ಲಿದ್ದ ಹಿಂದಿ ಬರೋ ಒಬ್ಬ ಹೆಣ್ಮಗಳು, ಅವರ ಉಪಕಾರ ನಾವು ಮರೆಯಲ್ಲ. ವೀಸಾ ಮುಗಿಯೋ ಮುಂಚೆ ವಾಪಸ್ ಬಂದ, ಹಾಗಾಗಿ ಪಾಸ್‌ಪೋರ್ಟ್ ಆದ್ರೂ ಕ್ಲೀನ್ ಇದೆ. ದುಡ್ಡು ಬಂದಿಲ್ಲ. ಏಜೆಂಟ್ ಈಗ "ವೀಸಾ ಕೊಡಿಸ್ತೀನಿ ಅಂದಿದ್ದೆ, ಕೊಡಿಸಿದೀನಿ" ಅಂತಾನೆ, ಅದಕ್ಕೇ ಆ ರಸೀದೀಲಿ ಹಾಗೆ ಬರೆದಿದ್ದು.

ಹೋಗ್ಲೇಬೇಕು ಅಂತಿರೋರು ಏಜೆಂಟ್ ನಮ್ಮ ಕೇಂದ್ರ ಸರ್ಕಾರದ ಇಮಿಗ್ರೇಟ್ (eMigrate) ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಿದಾನಾ ನೋಡಿ, ರಿಜಿಸ್ಟರ್ ಇಲ್ಲದೋರ ಲಿಸ್ಟೂ ಅಲ್ಲೇ ಇದೆ. ರಿಜಿಸ್ಟರ್ ಆಗಿರೋನೂ ನಿಮ್ಮ ಹತ್ರ ಸರ್ವಿಸ್ ಚಾರ್ಜ್ ಅಂತ 30,000 ರೂಪಾಯಿ ಮತ್ತೆ ಜಿಎಸ್‌ಟಿಗಿಂತ ಜಾಸ್ತಿ ತಗೊಳೋ ಹಾಗಿಲ್ಲ. ನುಲ್ಲಾ ಓಸ್ತಾ ಅಸಲಿನಾ ಅಂತ ನೋಡಿ ಸುಮ್ನಾಗ್ಬೇಡಿ, ಕಂಪನಿ ಬದುಕಿದೆಯಾ ನೋಡಿ. ಪ್ರತಿ ಕಂಪನಿಗೂ ಪಾರ್ತಿತಾ ಈವಾ ಅಂತ 11 ಅಂಕಿಯ ಟ್ಯಾಕ್ಸ್ ನಂಬರ್ ಇರುತ್ತೆ, ಅಲ್ಲಿನ ತೆರಿಗೆ ಇಲಾಖೆ ಸೈಟ್‌ನಲ್ಲಿ ಫ್ರೀ ಆಗಿ ಚೆಕ್ ಮಾಡ್ಬಹುದು. ಟ್ಯಾಕ್ಸ್ ನಂಬರ್ ಸರಿ ಇದ್ರೂ ಸಾಲ್ದು, ಮಾಲೀಕನ ಜೊತೆ ನೇರ ವಿಡಿಯೋ ಕಾಲ್ ಕೇಳಿ, ತೋಟ ತೋರಿಸಿ ಅನ್ನಿ, ಅಲ್ಲಿ ಇಳಿದ್ಮೇಲೆ ಆಗೋ ಒಪ್ಪಂದದ ಸಹಿಗೆ ಯಾವ ಆಫೀಸ್, ಯಾರು ಬರ್ತಾರೆ ಅಂತ ಇಮೇಲ್‌ನಲ್ಲಿ ಬರೆಸ್ಕೊಳ್ಳಿ. "ಮಾಲೀಕರು ಬ್ಯುಸಿ" ಅಂದ್ರೆ ಅಲ್ಲಿಗೇ ಬಿಡಿ. ಇಟಲಿಯಲ್ಲಿ 2024ರ ಅಕ್ಟೋಬರ್‌ನ ಕಾನೂನು ಬಂದ್ಮೇಲೆ ವೀಸಾ ಕೊಡೋ ಮುಂಚೆ ಮಾಲೀಕ ಇನ್ನೊಮ್ಮೆ ಕನ್ಫರ್ಮ್ ಮಾಡ್ಬೇಕು ಅಂತ ಮಾಡಿದಾರೆ, ಒಳ್ಳೇದೇ, ಆದ್ರೆ ಪೇಪರ್ ಮಾರೋ ಕಂಪನಿ ಆ ಕನ್ಫರ್ಮ್ ಕೂಡ ಮಾರಲ್ಲ ಅಂತ ನಾನು ನಂಬಲ್ಲ.

ಈಗಾಗ್ಲೇ ಅಲ್ಲಿ ಸಿಕ್ಕಿಹಾಕ್ಕೊಂಡಿರೋ ನಮ್ಮೋರು ಯಾರಾದ್ರೂ ಇದನ್ನ ಓದ್ತಿದ್ರೆ, ಹೆದರಿ ಬಚ್ಚಿಟ್ಕೊಂಡು ಕೂರ್ಬೇಡಿ. ಶೋಷಣೆ ಬಗ್ಗೆ ದೂರು ಕೊಟ್ಟು ತನಿಖೆಗೆ ಸಹಕರಿಸೋರಿಗೆ ಪ್ರತ್ಯೇಕ ಪರ್ಮಿಟ್ ಕೊಡೋ ಅವಕಾಶ ಅದೇ 2024ರ ಕಾನೂನಲ್ಲಿ ಬಂದಿದೆ, ಅದನ್ನ ಮುಂದುವರಿಸೋಕೂ ಆಗುತ್ತೆ. ಅಲ್ಲಿಂದ 800 290 290ಕ್ಕೆ ಫೋನ್ ಮಾಡಿ, ಅದು ಇಟಲಿಯ ಮಾನವ ಕಳ್ಳಸಾಗಣೆ ವಿರೋಧಿ ಸಹಾಯವಾಣಿ, ಫ್ರೀ ನಂಬರ್. ವ್ಯಾನ್ ನಂಬರ್, ತೋಟದ ಲೊಕೇಶನ್, ಮೇಸ್ತ್ರಿ ಕಳಿಸಿರೋ ವಾಯ್ಸ್ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ, ಒಂದು ಕಾಪಿ ಊರಲ್ಲಿ ಮನೆಯೋರಿಗೆ ಕಳಿಸಿಡಿ. ತಮ್ಮ ಇಟ್ಕೊಂಡಿದ್ದ ವಾಯ್ಸ್ ಮೆಸೇಜ್‌ಗಳಿಂದಾನೇ ಇಲ್ಲಿ ನಮ್ಮ ದೂರು ತಗೊಂಡಿದ್ದು.