ಬಾಗಿಲು ಹಾಕಿದ ಕೋಣೆಯಲ್ಲಿ ಶೇಗಡಿ ಇಟ್ಟು ಮಲಗಬೇಡಿ

ಬೀದರ್ ಚಳಿ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಅದರ ಮೇಲೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಕೇಳೋದೇ ಬೇಡ. ಬಿಸಿಲು ಕಾಣುವುದಿಲ್ಲ, ಜಿಟಿಜಿಟಿ ಮಳೆ ಬಿಡುವುದಿಲ್ಲ, ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಇಂಥ ದಿನಗಳಲ್ಲೇ ಇದ್ದಿಲಿನ ಶೇಗಡಿ, ಅಂದರೆ ಅಗ್ಗಿಷ್ಟಿಕೆ, ಮಲಗುವ ಕೋಣೆಗೆ ಬರುತ್ತದೆ. ದಯವಿಟ್ಟು ತರಬೇಡಿ. ಹೋದ ಚಳಿಗಾಲದಲ್ಲಿ ನಮ್ಮ ಮನೆಯ ನಾಲ್ಕು ಜೀವ ಸ್ವಲ್ಪದರಲ್ಲಿ ಉಳಿದವು.

ಔರಾದ್ ತಾಲ್ಲೂಕಿನಲ್ಲಿ ಕಾಕಾನ ಮನೆ. ಹೊಸ ಆರ್‌ಸಿಸಿ ಮನೆ, ಸ್ಲೈಡಿಂಗ್ ಕಿಟಕಿ. ಕಾರ್ಯಕ್ಕೆ ಅಂತ ನಾವೆಲ್ಲ ಸೇರಿದ್ದೆವು. ಮಳೆ ಹಿಡಿದು ಕೂತಿತ್ತು. ಕಾಕಾ ಇಸ್ತ್ರಿ ಅಂಗಡಿಯಿಂದ ಅರ್ಧ ಚೀಲ ಇದ್ದಿಲು ತಂದರು. ಅಂಗಳದಲ್ಲೇ ಹೊತ್ತಿಸಿ, ಹೊಗೆ ಪೂರ್ತಿ ಹೋದ ಮೇಲೆ ಶೇಗಡಿಯನ್ನು ಒಳಗೆ ತಂದಿಟ್ಟರು. ಬಾಗಿಲ ಕೆಳಗಿನ ಸಂದಿಗೆ ಹಳೆ ಲುಂಗಿ ತುರುಕಿದ್ದರು. ಮೂಲೆಯಲ್ಲಿ ಒಂದು ಬಕೆಟ್ ನೀರು. ನೀರಿಟ್ಟರೆ ವಿಷಗಾಳಿಯನ್ನು ಅದು ಎಳೆದುಕೊಳ್ಳುತ್ತದೆ ಅಂತ ಊರಲ್ಲಿ ಎಲ್ಲರೂ ನಂಬಿದ್ದಾರೆ. ಕಾಕಾ ಕಾಳಜಿ ಮಾಡಲಿಲ್ಲ ಅಂತ ಹೇಳುವ ಹಾಗೇ ಇಲ್ಲ. ಆಯಿ, ಕಾಕು, ವೈನಿ (ಅತ್ತಿಗೆ) ಮತ್ತು ವೈನಿಯ ಮಗ ಆ ಕೋಣೆಯಲ್ಲಿ ಮಲಗಿದರು. ನಾವು ಗಂಡಸರು ಪಡಸಾಲೆಯಲ್ಲಿ ನಡುಗುತ್ತಾ ಬಿದ್ದಿದ್ದೆವು.

ಬೆಳಿಗ್ಗೆ ವೈನಿಗೆ ವಾಂತಿ, ಕಾಕುಗೆ ತಲೆ ಸಿಡಿಯುವಷ್ಟು ನೋವು. ಆಯಿ ಎದ್ದವರು ಹೊಸ್ತಿಲ ಹತ್ತಿರ ಕುಸಿದರು. ಹತ್ತಿರದ ಒಂದು ಖಾಸಗಿ ಕ್ಲಿನಿಕ್‌ಗೆ ಓಡಿದೆವು. ರಕ್ತದಲ್ಲಿನ ಆಮ್ಲಜನಕ ನೋಡಲು ಬೆರಳಿಗೆ ಆಕ್ಸಿಮೀಟರ್ ಸಿಗಿಸಿದರು. 98, ಅಂದರೆ ಎಲ್ಲಾ ಸರಿ ಇದ್ದ ಹಾಗೆ. ರಾತ್ರಿ ಏನು ಊಟ ಮಾಡಿದ್ರಿ ಅಂದರು. ಗೋಧಿ ಹುಗ್ಗಿ ಅಂದೆವು. ಮುಗೀತು, ತಪ್ಪೆಲ್ಲಾ ಹುಗ್ಗಿಯ ತಲೆಗೆ! ಒಂದು ಇಂಜೆಕ್ಷನ್, ಎರಡು ಮಾತ್ರೆ, ಓಆರ್‌ಎಸ್ ಪುಡಿ ಕೊಟ್ಟು ಕಳಿಸಿದರು. ಹುಗ್ಗಿ ಮಾಡಿದ ಕಾಕುಗೆ ಆ ನೋವಿನಲ್ಲೂ ನಾಚಿಕೆ. ಪಡಸಾಲೆಯಲ್ಲಿ ಮಲಗಿದ ನಾವೂ ಅದೇ ಹುಗ್ಗಿ ಎರಡೆರಡು ಸಲ ಹಾಕಿಸಿಕೊಂಡಿದ್ದೆವು, ನಮಗೇನೂ ಆಗಿಲ್ಲವಲ್ಲ ಅಂತ ಕ್ಲಿನಿಕ್‌ನಲ್ಲಿ ಯಾರೂ ಕೇಳಲಿಲ್ಲ. ಜ್ವರ ಇಲ್ಲದೆ, ಒಂದೇ ಕೋಣೆಯಲ್ಲಿ ಮಲಗಿದವರಿಗಷ್ಟೇ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಊಟಕ್ಕಿಂತ ಮೊದಲು ಗಾಳಿಯನ್ನು ಅನುಮಾನಿಸಬೇಕು.

ಮನೆಗೆ ಬಂದ ರೋಗಿಗಳು ಬೆಚ್ಚಗಿರಲಿ ಅಂತ ಮತ್ತೆ ಅದೇ ಕೋಣೆ, ಮತ್ತೆ ಶೇಗಡಿ. ಮಧ್ಯಾಹ್ನ ಹುಡುಗನನ್ನು ಎಬ್ಬಿಸಿದರೆ ಕಣ್ಣು ಅರ್ಧ ತೆರೆದ, ಕತ್ತು ನಿಲ್ಲಲಿಲ್ಲ. 108ಕ್ಕೆ ಫೋನ್ ಮಾಡಿ ಬೀದರ್‌ನ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಕೋಣೆಯಲ್ಲಿ ಏನು ಉರಿಸಿದ್ರಿ?"

ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ. ಇದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ಹೊಗೆ ಹೋದ ಮೇಲೂ ಕೆಂಡದಿಂದ ಬರುತ್ತಲೇ ಇರುತ್ತದೆ. ಮೇಲೆ ಬೂದಿ ಮುಚ್ಚಿದರೂ ನಿಲ್ಲುವುದಿಲ್ಲ. ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಆ ಬಕೆಟ್ ಸುಮ್ನೆ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೇ 98 ತೋರಿಸಿದ್ದು. ರಕ್ತ ಪರೀಕ್ಷೆಯೇ ಬೇಕು. ಸುಮ್ಮನೆ ಹೊರಗಿನ ಗಾಳಿಯಲ್ಲಿ ಕೂತರೆ ರಕ್ತದಲ್ಲಿನ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ತಾಸು ಸಾಕು. ವೈನಿ ಆಗ ಬಸುರಿ. ಹೊಟ್ಟೆಯೊಳಗಿನ ಕೂಸಿನ ರಕ್ತದಿಂದ ಇದು ಇನ್ನೂ ನಿಧಾನವಾಗಿ ಬಿಡುತ್ತದಂತೆ, ಹಾಗಾಗಿ ಅವರಿಗೆ ಎಲ್ಲರಿಗಿಂತ ಜಾಸ್ತಿ ಹೊತ್ತು ಮಾಸ್ಕ್ ತೆಗೆಯಲಿಲ್ಲ. ಈಗ ತಾಯಿ, ಕೂಸು ಇಬ್ಬರೂ ಆರಾಮ ಇದ್ದಾರೆ. ಕೆಲವರಿಗೆ ವಾರಗಳ ನಂತರ ಮರೆವು, ಗೊಂದಲ ಶುರುವಾಗಬಹುದು, ಕಣ್ಣಿಡಿ ಅಂತಲೂ ಹೇಳಿ ಕಳಿಸಿದರು.

ಆಯಿ ಮಾತ್ರ ಇವತ್ತಿಗೂ ಒಪ್ಪಿಲ್ಲ. "ನಾವೆಲ್ಲಾ ಬೆಂಕಿ ಮುಂದೇ ಬೆಳದೀವಿ, ಆವಾಗ ಯಾಕ ಏನೂ ಆಗಿಲ್ಲ?" ಅಂತಾರೆ. ಅವರು ಬೆಳೆದ ಮನೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು, ಬಾಗಿಲ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು. ಗಾಳಿ ತಾನೇ ಆಡುತ್ತಿತ್ತು. ಈಗ ಒಂದು ಸಂದಿಯೂ ಬಿಡದೆ ಮನೆ ಕಟ್ಟುತ್ತೇವೆ, ಆದರೆ ಶೇಗಡಿ ಅದೇ ಹಳೇದು.

ಚಂಡಮಾರುತದ ಸುದ್ದಿ ಬಂದ ಕೂಡಲೇ ಕೌದಿ, ಕಂಬಳಿ ಬಿಸಿಲಿಗೆ ಹಾಕಿಬಿಡಿ, ಮೋಡ ಮುಚ್ಚಿದ ಮೇಲೆ ಒಣಗುವುದಿಲ್ಲ. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಎರಡು ಕೌದಿ ಹಾಸಿ, ಥಂಡಿ ಅರ್ಧ ನೆಲದಿಂದಲೇ ಬರುತ್ತದೆ. ವಯಸ್ಸಾದವರ ಕಾಲ ಹತ್ತಿರ ಬಿಸಿನೀರಿನ ಚೀಲ ಇಡಿ. ಬೆಂಕಿ ಕಾಯಿಸಲೇಬೇಕಾದರೆ ಅಂಗಳದಲ್ಲಿ ಕಾಯಿಸಿ, ಮಲಗುವ ಮುಂಚೆ ಅಲ್ಲೇ ನೀರು ಹಾಕಿ ಆರಿಸಿ. ಕರೆಂಟ್ ಹೋಯಿತು ಅಂತ ಜನರೇಟರ್ ಅನ್ನು ಮೆಟ್ಟಿಲ ಕೆಳಗೆ ಇಡುವುದು, ಕಿಟಕಿ ಇಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಸುವುದು, ಇವೂ ಅದೇ ವಿಷದ ದಾರಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬ್ಯಾಟರಿ ಮೇಲೆ ಓಡುವುದನ್ನೇ ತಗೊಳ್ಳಿ.

ಯಾರಾದರೂ ಹೀಗೆ ಬಿದ್ದಿದ್ದು ಕಂಡರೆ ಮೊದಲು ಬಾಗಿಲು, ಕಿಟಕಿ ತೆಗೆದು ಅವರನ್ನು ಹೊರಗೆ ಎಳೆಯಿರಿ, ಆಮೇಲೆ ಫೋನ್. ಡಾಕ್ಟರ್ ಕೇಳದಿದ್ದರೂ ಕೋಣೆಯಲ್ಲಿ ಇದ್ದಿಲು ಉರೀತಿತ್ತು ಅಂತ ನೀವೇ ಹೇಳಿ. ನಿಮ್ಮ ಓಣಿಯಲ್ಲಿ ಕಟ್ಟಡ ಕೆಲಸ ನಡೆದಿದ್ದರೆ, ತಗಡಿನ ಶೆಡ್‌ನಲ್ಲಿ ಡಬ್ಬಿಯಲ್ಲಿ ಕೆಂಡ ಇಟ್ಟುಕೊಂಡು ಮಲಗುವ ವಾಚ್‌ಮನ್‌ಗೂ ಇದನ್ನು ತಿಳಿಸಿ, ಜೊತೆಗೆ ಒಂದು ಕಂಬಳಿ ಕೊಟ್ಟು ಬನ್ನಿ.